ಮುಟ್ಟದ ಮದ್ದಿಗೂ ಮಣಿಯದ ರೋಗಾಣು

ನನ್ನ ದೊಡ್ಡವ್ವ ಮದ್ದೂರಿನ ಹತ್ತಿರದ ಹಳ್ಳಿಯವಳು. ವಯಸ್ಸು ಎಪ್ಪತ್ತು ದಾಟಿದೆ. ಒಂದೇ ವರ್ಷದಲ್ಲಿ ಮೂರನೇ ಸಲ ಉರಿಮೂತ್ರ ಬಂದು, ಚಳಿಜ್ವರವೂ ಏರಿದಾಗ ಮಂಡ್ಯದ ಡಾಕ್ಟರು ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿದರು. ಮೂರು ದಿನಕ್ಕೆ ವರದಿ ಬಂತು. ಮೇಲೆ ಬ್ಯಾಕ್ಟೀರಿಯಾದ ಹೆಸರು, ಇ. ಕೋಲಿ. ಕೆಳಗೆ ಹದಿನಾಲ್ಕು ಔಷಧಿಗಳ ಪಟ್ಟಿ, ಒಂದೊಂದರ ಮುಂದೆ ಎಸ್ ಅಥವಾ ಆರ್. ಎಸ್ ಅಂದರೆ ಆ ಔಷಧಿಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಆರ್ ಅಂದರೆ ಜಗ್ಗುವುದಿಲ್ಲ. ಹತ್ತು ಕಡೆ ಆರ್ ಇತ್ತು.

"ನಂಗೆ ಮಾತ್ರೆ ನಾಟಕ್ಕಿಲ್ಲ ಕಣ್ ಮಗ, ಮೈ ಒಗ್ಗೋಗದೆ" ಎಂದಳು ದೊಡ್ಡವ್ವ. ಊರಿನ ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಎರಡು ದಿನಕ್ಕೆ ನಾಲ್ಕು ನಾರ್‌ಫ್ಲಾಕ್ಸಸಿನ್ ಮಾತ್ರೆ ಕತ್ತರಿಸಿಕೊಂಡು ತಂದು ನುಂಗುವುದು ಅವಳಿಗೆ ವರ್ಷಗಳ ರೂಢಿ. ಹಾಗಾಗಿ ನಾರ್‌ಫ್ಲಾಕ್ಸಸಿನ್ ಎದುರಿಗೆ ಆರ್ ಇದ್ದದ್ದು ನನಗೆ ಆಶ್ಚರ್ಯವಾಗಲಿಲ್ಲ. ಪಟ್ಟಿಯ ಮಿಕ್ಕ ಹೆಸರುಗಳನ್ನೂ ಒಂದೊಂದಾಗಿ ಓದಿ ಹೇಳಿದೆ. ಅದರಲ್ಲಿ ಅರ್ಧದಷ್ಟು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಚುಚ್ಚುಮದ್ದುಗಳು. ಅವಳು ಕೇಳಿದಳು: "ಇವ್ನೆಲ್ಲ ನಾನು ಕಣ್ಣಲ್ಲೂ ಕಂಡಿಲ್ವಲ್ಲ. ಮುಟ್ಟದೇ ಇರೋ ಮದ್ದಿಗೆ ಅದ್ಹೆಂಗ್ ಒಗ್ಗೋಯ್ತು?"

ನಾನು ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಹೇಳುವವನು. ಅವತ್ತು ಬಸ್ಸಿಗೆ ಹೊತ್ತಾಗಿ ಅರ್ಧ ಉತ್ತರ ಕೊಟ್ಟು ಬಂದೆ. ಪೂರ್ತಿ ಉತ್ತರ ಇಲ್ಲಿದೆ.

ಒಗ್ಗಿರುವುದು ದೊಡ್ಡವ್ವನ ಮೈ ಅಲ್ಲ, ಮೊದಲು ಇದು ಸ್ಪಷ್ಟವಾಗಬೇಕು. ಕಾಫಿಗೆ, ಹೊಗೆಸೊಪ್ಪಿಗೆ ಮೈ ಒಗ್ಗುತ್ತದೆ ನಿಜ. ಆಂಟಿಬಯಾಟಿಕ್ ಕೆಲಸ ಮಾಡುವುದು ಮೈಯ ಮೇಲಲ್ಲ, ಮೈಯೊಳಗಿನ ಬ್ಯಾಕ್ಟೀರಿಯಾದ ಮೇಲೆ. ಬದಲಾಗಿರುವುದು ಆ ಬ್ಯಾಕ್ಟೀರಿಯಾ. ಈ ವ್ಯತ್ಯಾಸ ಸಣ್ಣದಲ್ಲ. ಮೈ ಒಗ್ಗಿದ್ದರೆ ಅದು ಅವಳೊಬ್ಬಳ ಪಾಡಾಗಿರುತ್ತಿತ್ತು. ಬ್ಯಾಕ್ಟೀರಿಯಾ ಬದಲಾಗಿದ್ದರೆ ಅದು ಅವಳ ಕೈಯಿಂದ ಪಾತ್ರೆಗೆ, ಪಾತ್ರೆಯಿಂದ ಮೊಮ್ಮಗಳ ಬಾಯಿಗೆ, ಬಚ್ಚಲಿನಿಂದ ಚರಂಡಿಗೆ ಹೋಗುತ್ತದೆ. ಹುಟ್ಟಿದಾಗಿನಿಂದ ಒಂದೂ ಮಾತ್ರೆ ನುಂಗದ ಕೂಸಿಗೂ ಮಾತ್ರೆಗೆ ಮಣಿಯದ ರೋಗಾಣು ಅಂಟಬಹುದು.

ಬ್ಯಾಕ್ಟೀರಿಯಾ ಬದಲಾಗುವ ಬಗೆಯನ್ನು ಅವಳಿಗೆ ಕಳೆಯ ಮಾತಿನಲ್ಲೇ ಹೇಳಿದ್ದೆ. ನಾಟಿ ಮಾಡಿದ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಕಳೆ ಕೀಳುತ್ತಾರೆ. ಕೈಗೆ ಸಿಗುವುದು ಯಾವುದು? ಪೈರಿಗಿಂತ ಬೇರೆಯಾಗಿ ಕಾಣುವುದು. ಗದ್ದೆಯಲ್ಲಿ ಬೆಳೆಯುವ ಒಂದು ಹುಲ್ಲು ಮಾತ್ರ ಎಳೆಯದರಲ್ಲಿ ಥೇಟ್ ಭತ್ತದ ಪೈರಿನ ಹಾಗೇ ಇರುತ್ತದೆ. ತೆನೆ ಬಿಟ್ಟ ಮೇಲಷ್ಟೇ ಅದರ ಗುಟ್ಟು ರಟ್ಟಾಗುವುದು. ಅಷ್ಟು ಹೊತ್ತಿಗೆ ಬೀಜ ಉದುರಿಸಿರುತ್ತದೆ. ಈ ಹೋಲಿಕೆ ಬಂದದ್ದು ಹೇಗೆಂದರೆ, ಸಾವಿರಾರು ವರ್ಷ ರೈತರ ಕೈಗಳು ಭತ್ತದಂತೆ ಕಾಣದ ಗಿಡಗಳನ್ನೆಲ್ಲ ಕಿತ್ತು ಬದುವಿಗೆ ಎಸೆದವು. ಸ್ವಲ್ಪ ಹೋಲುತ್ತಿದ್ದವು ಉಳಿದವು, ಅವುಗಳ ಬೀಜದಲ್ಲಿ ಇನ್ನೂ ಹೆಚ್ಚು ಹೋಲುವವು ಉಳಿದವು. ಯಾವ ಹುಲ್ಲೂ ಭತ್ತದಂತೆ ಕಾಣಬೇಕೆಂದು ಪಣ ತೊಡಲಿಲ್ಲ. ಕೀಳುವ ಕೈಯೇ ಆ ಹುಲ್ಲನ್ನು ಆರಿಸಿತು.

ಆಂಟಿಬಯಾಟಿಕ್ ಕೂಡ ಕೀಳುವ ಕೈ. ಆದರೆ ಹುಲ್ಲಿಗೆ ವರ್ಷಕ್ಕೆ ಒಂದೆರಡು ಪೀಳಿಗೆ. ಇ. ಕೋಲಿಗೆ ಒಳ್ಳೆಯ ಮೇವು, ಒಳ್ಳೆಯ ಬಿಸುಪು ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಒಂದು ಪೀಳಿಗೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಅಡೆತಡೆಯಿಲ್ಲದೆ ಹತ್ತು ಗಂಟೆ ಹೀಗೇ ನಡೆದರೆ ಒಂದೇ ಒಂದು ಬ್ಯಾಕ್ಟೀರಿಯಾದಿಂದ ನೂರು ಕೋಟಿಗೂ ಹೆಚ್ಚು ಬ್ಯಾಕ್ಟೀರಿಯಾಗಳಾಗುತ್ತವೆ. ಪ್ರತಿ ಸಲ ಇಬ್ಭಾಗವಾಗುವಾಗ ಅದು ತನ್ನ ಡಿಎನ್‌ಎಯ ಸುಮಾರು 46 ಲಕ್ಷ ಅಕ್ಷರಗಳನ್ನು ನಕಲು ಮಾಡಬೇಕು. ಬಲು ನಿಷ್ಠೆಯ ನಕಲುಗಾರ ಅದು. ಹೆಚ್ಚುಕಡಿಮೆ ಸಾವಿರ ಪ್ರತಿ ಬರೆದಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ. ಆದರೂ ನೂರು ಕೋಟಿ ಪ್ರತಿಗಳಲ್ಲಿ ಲಕ್ಷಗಟ್ಟಲೆ ತಪ್ಪುಗಳು ಉಳಿದಿರುತ್ತವೆ. ಬಹುಪಾಲು ತಪ್ಪುಗಳಿಂದ ಏನೂ ಆಗದು, ಕೆಲವು ಬ್ಯಾಕ್ಟೀರಿಯಾವನ್ನೇ ಕುಂದಿಸುತ್ತವೆ. ಯಾವುದೋ ಒಂದು ತಪ್ಪು, ಔಷಧಿ ಬಂದು ಕೂರಬೇಕಾದ ಜಾಗದ ಆಕಾರವನ್ನು ಎಳ್ಳಷ್ಟು ಬದಲಿಸಿಬಿಡುತ್ತದೆ. ಔಷಧಿ ಬರುವ ತನಕ ಆ ಬದಲಾವಣೆಗೆ ಯಾವ ಬೆಲೆಯೂ ಇಲ್ಲ. ಔಷಧಿ ಬಂದ ದಿನ ಅದೊಂದೇ ಉಳಿಯುತ್ತದೆ.

ಔಷಧಿಯೇ ಬ್ಯಾಕ್ಟೀರಿಯಾವನ್ನು ಕಲಿಸಿ ಗಟ್ಟಿ ಮಾಡುತ್ತದೆಯೋ, ಗಟ್ಟಿಯಾದವು ಮೊದಲೇ ಇದ್ದವೋ? ಒಂದು ಕಾಲಕ್ಕೆ ವಿಜ್ಞಾನಿಗಳಲ್ಲೇ ಇದರ ಬಗ್ಗೆ ಜಗಳವಿತ್ತು. 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಲೆಕ್ಕಾಚಾರದಿಂದ ಎರಡನೆಯದೇ ಸರಿ ಎಂದು ತೋರಿಸಿದರು. ಆದರೆ ನನಗೆ ಹೆಚ್ಚು ಇಷ್ಟವಾದದ್ದು 1952ರಲ್ಲಿ ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ ಪ್ರಕಟಿಸಿದ ಪ್ರಯೋಗ, ಅದನ್ನು ಕಣ್ಣಾರೆ ಕಾಣಬಹುದು ಎಂಬ ಕಾರಣಕ್ಕೆ. ಔಷಧಿಯಿಲ್ಲದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರು. ಮಖಮಲ್ ಬಟ್ಟೆಯನ್ನು ಅದರ ಮೇಲೆ ಮೆಲ್ಲಗೆ ಒತ್ತಿ, ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯಾಟಿಕ್ ಬೆರೆಸಿದ ತಟ್ಟೆಗಳ ಮೇಲೆ ಒತ್ತಿದರು, ಮೊಹರು ಹಾಕಿದ ಹಾಗೆ. ಎಲ್ಲ ತಟ್ಟೆಯಲ್ಲೂ ಅದೇ ಅದೇ ಜಾಗದಲ್ಲಿ ಗುಂಪುಗಳು ಬದುಕಿದವು. ಅಂದರೆ ಮೂಲ ತಟ್ಟೆಯಲ್ಲಿ ಆ ಜಾಗದಲ್ಲಿದ್ದವು ಮೊದಲೇ ಗಟ್ಟಿಯಾಗಿದ್ದವು. ಮೂಲ ತಟ್ಟೆಯ ಆ ಜಾಗಗಳಿಂದ ಬ್ಯಾಕ್ಟೀರಿಯಾ ಎತ್ತಿ ನೋಡಿದಾಗ ಅದೂ ರುಜುವಾಯಿತು. ಅವು ಔಷಧಿಯ ಮುಖವನ್ನೇ ನೋಡಿರಲಿಲ್ಲ. ದೊಡ್ಡವ್ವನ ಪ್ರಶ್ನೆಗೆ ಉತ್ತರದ ಮೊದಲ ಎಳೆ ಇಲ್ಲಿದೆ.

ಇನ್ನೊಂದು ಪ್ರಯೋಗವನ್ನು ವಿದ್ಯಾರ್ಥಿಗಳಿಗೆ ವಿಡಿಯೊದಲ್ಲಿ ತೋರಿಸುತ್ತೇನೆ. 2016ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಎರಡಡಿ ಅಗಲ, ನಾಲ್ಕಡಿ ಉದ್ದದ ತಟ್ಟೆ ಮಾಡಿದರು. ಎರಡೂ ತುದಿಯಲ್ಲಿ ಔಷಧಿಯಿಲ್ಲ. ಒಳಕ್ಕೆ ಹೋದಂತೆ ಪಟ್ಟೆ ಪಟ್ಟೆಯಾಗಿ ಔಷಧಿ ಹತ್ತು ಪಟ್ಟು, ನೂರು ಪಟ್ಟು, ನಡುಮಧ್ಯೆ ಸಾವಿರ ಪಟ್ಟು. ತುದಿಯಲ್ಲಿ ಬಿಟ್ಟ ಇ. ಕೋಲಿ ಮೊದಲ ಪಟ್ಟೆಯ ಅಂಚಿಗೆ ಬಂದು ಬದುವಿಗೆ ತಾಗಿದ ನೀರಿನಂತೆ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಕಡೆ ಬದು ಒಡೆಯುತ್ತದೆ. ಒಂದು ಬ್ಯಾಕ್ಟೀರಿಯಾ ದಾಟಿ, ಅದರ ಸಂತಾನ ಬೀಸಣಿಗೆಯಂತೆ ಹರಡಿಕೊಂಡು ಮುಂದಿನ ಪಟ್ಟೆಗೆ ತಾಗಿ ನಿಲ್ಲುತ್ತದೆ. ಮತ್ತೆ ಇನ್ನೊಂದು ಕಡೆ ಒಡೆಯುತ್ತದೆ. ನಡುಮಧ್ಯದ ಸಾವಿರ ಪಟ್ಟು ಔಷಧಿಯನ್ನು ಮುಟ್ಟಲು ಹಿಡಿದದ್ದು ಹನ್ನೊಂದು ದಿನ. ತುದಿಯಿಂದ ನೇರ ಕಡು ಔಷಧಿಗೆ ಹಾರಲು ಅವಕ್ಕೆ ಆಗುವುದಿಲ್ಲ, ನಡುವಿನ ತೆಳು ಪಟ್ಟೆಗಳು ಮೆಟ್ಟಿಲಾಗಬೇಕು. ಆ ವಿಡಿಯೊ ನೋಡುವಾಗೆಲ್ಲ ನನ್ನ ಕಣ್ಣ ಮುಂದೆ ಬರುವುದು ಕತ್ತರಿಸಿ ತಂದ ನಾಲ್ಕು ಮಾತ್ರೆ. ಅರೆಬರೆ ಮದ್ದು ನುಂಗಿದ ಮೈ ಹೆಚ್ಚೂಕಡಿಮೆ ಆ ತೆಳು ಪಟ್ಟೆಯೇ.

ಹೀಗೆ ಔಷಧಿಗೆ ಮಣಿಯದಿರುವುದಕ್ಕೆ ಪ್ರತಿರೋಧ ಎನ್ನುತ್ತೇವೆ. ಅದರ ಉಪಾಯಗಳು ತರಹೇವಾರಿ. ಕೆಲವು ಬ್ಯಾಕ್ಟೀರಿಯಾ ಒಳಬಂದ ಔಷಧಿಯನ್ನು ಪಂಪಿನಂತೆ ಎತ್ತಿ ಹೊರಹಾಕುತ್ತವೆ. ಕೆಲವು ಅದು ಒಳಬರುವ ಕಿಂಡಿಯನ್ನೇ ಕಿರಿದು ಮಾಡುತ್ತವೆ. ಔಷಧಿ ಕೂರುವ ಜಾಗದ ಆಕಾರ ಬದಲಿಸುವುದನ್ನು ಆಗಲೇ ಹೇಳಿದೆ. ಎಲ್ಲಕ್ಕಿಂತ ಭಯಂಕರವಾದದ್ದು ಔಷಧಿಯನ್ನೇ ಕತ್ತರಿಸುವ ಕಿಣ್ವ, ಅಂದರೆ ಎನ್‌ಜೈಮ್. ಪೆನಿಸಿಲಿನ್ ಕುಟುಂಬದ ಔಷಧಿಗಳು ಬ್ಯಾಕ್ಟೀರಿಯಾ ತನ್ನ ಸುತ್ತ ಕಟ್ಟಿಕೊಳ್ಳುವ ಗೋಡೆಯ ಕೆಲಸವನ್ನು ಕೆಡಿಸುತ್ತವೆ, ಅದಕ್ಕೆ ಅವುಗಳಲ್ಲಿರುವ ಒಂದು ಪುಟ್ಟ ಉಂಗುರ ಮುಖ್ಯ. ಕಿಣ್ವ ಆ ಉಂಗುರವನ್ನೇ ಬಿಚ್ಚಿಬಿಡುತ್ತದೆ. ಪೆನಿಸಿಲಿನ್ ಅನ್ನು ಕೆಡಿಸುವ ಇಂಥ ಕಿಣ್ವವನ್ನು ಅಬ್ರಹಾಂ ಮತ್ತು ಚೇನ್ ಎಂಬ ವಿಜ್ಞಾನಿಗಳು ವರದಿ ಮಾಡಿದ್ದು 1940ರಲ್ಲಿ, ಪೆನಿಸಿಲಿನ್ ಜನರ ಕೈಗೆ ಬರುವುದಕ್ಕೂ ಮೊದಲೇ.

ಔಷಧಿಗಿಂತ ಮೊದಲೇ ಅದಕ್ಕೆ ಪ್ರತಿರೋಧ ಹೇಗಿತ್ತು? ಉತ್ತರ ನಮ್ಮ ಹೊಲದ ಮಣ್ಣಲ್ಲೇ ಇದೆ. ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆ ಬಹುಮಟ್ಟಿಗೆ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಬಳಗದ್ದು. ಕ್ಷಯಕ್ಕೆ ಮೊದಲ ಮದ್ದಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಅದೇ ಬಳಗದಿಂದ. ಟೆಟ್ರಾಸೈಕ್ಲಿನ್, ಎರಿತ್ರೊಮೈಸಿನ್, ಕ್ಲೋರಾಂಫೆನಿಕಾಲ್ ಕೂಡ ಮೊದಲು ದೊರೆತದ್ದು ಆ ನೆಂಟರಲ್ಲೇ. ತಾನು ತಯಾರಿಸಿದ ವಿಷಕ್ಕೆ ತಾನೇ ಸಾಯಬಾರದಲ್ಲ, ಆದ್ದರಿಂದ ಅವು ವಿಷದ ಜೊತೆಗೆ ಅದರ ಪ್ರತಿರೋಧವನ್ನೂ ಇಟ್ಟುಕೊಂಡಿವೆ. ಅಕ್ಕಪಕ್ಕದವೂ ಬದುಕಲು ತಮ್ಮ ತಮ್ಮ ಉಪಾಯ ಕಂಡುಕೊಂಡಿವೆ. ಕೆನಡಾದ ಯೂಕಾನ್‌ನ 30 ಸಾವಿರ ವರ್ಷ ಹಳೆಯ ಹೆಪ್ಪುಗಟ್ಟಿದ ನೆಲದಿಂದ ತೆಗೆದ ಡಿಎನ್‌ಎಯಲ್ಲೂ ಪ್ರತಿರೋಧದ ಜೀನ್‌ಗಳಿದ್ದವು ಎಂದು 2011ರಲ್ಲಿ ಪ್ರಕಟವಾಯಿತು. ಜೀನ್‌ಗಳು ಪುರಾತನ. ಹೊಸದೇನೆಂದರೆ, ಮಣ್ಣಿನಲ್ಲಿದ್ದದ್ದು ನಮ್ಮ ಕರುಳಿಗೆ, ರಕ್ತಕ್ಕೆ ಬಂದು ಸೇರಿದ ವೇಗ.

ಆ ವೇಗ ನಕಲಿನ ತಪ್ಪುಗಳಿಂದ ಬಂದದ್ದಲ್ಲ. ಬ್ಯಾಕ್ಟೀರಿಯಾಗೆ ಇನ್ನೊಂದು ದಾರಿ ಇದೆ, ಅದು ನಮಗಿಲ್ಲ. ನಮ್ಮ ಜೀನ್‌ಗಳು ತಂದೆತಾಯಿಯಿಂದ ಮಕ್ಕಳಿಗೆ ಮಾತ್ರ ಇಳಿಯುತ್ತವೆ. ಬ್ಯಾಕ್ಟೀರಿಯಾ ನೆರೆಯವರಿಂದಲೂ ಜೀನ್ ಪಡೆಯಬಲ್ಲದು. ಮುಖ್ಯ ಡಿಎನ್‌ಎಯಲ್ಲದೆ ಅದರೊಳಗೆ ಬಳೆಯಂಥ ಪುಟ್ಟ ಡಿಎನ್‌ಎಗಳೂ ಇರುವುದುಂಟು. ಅವುಗಳ ಹೆಸರು ಪ್ಲಾಸ್ಮಿಡ್. ಎರಡು ಬ್ಯಾಕ್ಟೀರಿಯಾ ಪಕ್ಕಪಕ್ಕ ಬಂದಾಗ ಒಂದು ಸಣ್ಣ ಕೊಳವೆ ಚಾಚಿ ಇನ್ನೊಂದನ್ನು ಹತ್ತಿರ ಎಳೆದುಕೊಂಡು ತನ್ನ ಪ್ಲಾಸ್ಮಿಡ್‌ನ ಒಂದು ಪ್ರತಿಯನ್ನು ಅದಕ್ಕೆ ದಾಟಿಸುತ್ತದೆ. ತನ್ನದನ್ನು ಕಳೆದುಕೊಳ್ಳುವುದೂ ಇಲ್ಲ. ಪಕ್ಕದ್ದು ತನ್ನ ಜಾತಿಯದೇ ಆಗಬೇಕೆಂದಿಲ್ಲ. ಊರಲ್ಲಿ ಬಿತ್ತನೆ ಬೀಜ ಮನೆಯಿಂದ ಮನೆಗೆ ಕೈಬದಲಾಗುವ ಹಾಗೆ ಇದು.

ಇದು ಬಯಲಾದದ್ದು ಜಪಾನಿನಲ್ಲಿ. 1950ರ ದಶಕದಲ್ಲಿ ಅಲ್ಲಿ ಆಮಶಂಕೆಯ ಬ್ಯಾಕ್ಟೀರಿಯಾ ಶಿಗೆಲ್ಲಾ ಒಂದೇ ಸಲಕ್ಕೆ ನಾಲ್ಕು ಔಷಧಿಗಳಿಗೆ ಮಣಿಯದಾಯಿತು. ನಾಲ್ಕು ಬೇರೆ ಬೇರೆ ತಪ್ಪುಗಳು ಒಂದೇ ಬ್ಯಾಕ್ಟೀರಿಯಾದಲ್ಲಿ ಒಟ್ಟಿಗೆ ಆಗುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಅದೇ ರೋಗಿಗಳ ಕರುಳಿನಲ್ಲಿದ್ದ ಇ. ಕೋಲಿಗಳೂ ಅದೇ ನಾಲ್ಕಕ್ಕೆ ಮಣಿಯುತ್ತಿರಲಿಲ್ಲ. ಎರಡನ್ನೂ ಒಂದೇ ಕೊಳವೆಯಲ್ಲಿ ಬೆರೆಸಿದರೆ ಪ್ರತಿರೋಧ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ ಎಂದು ಅಲ್ಲಿನ ಸಂಶೋಧಕರು 1959ರಲ್ಲಿ ತೋರಿಸಿದರು. ನಮಗೆ ಘಟ್ಟದಾಚೆಗಷ್ಟೇ ಇರುವ ಕೋಯಿಕ್ಕೋಡಿನ ಕಥೆಯೂ ಇದೇ. ಟೈಫಾಯ್ಡ್‌ಗೆ 1948ರಿಂದ ಕ್ಲೋರಾಂಫೆನಿಕಾಲ್ ರಾಮಬಾಣವಾಗಿತ್ತು. 1972ರಲ್ಲಿ ಕೋಯಿಕ್ಕೋಡಿನ ರೋಗಿಗಳಲ್ಲಿ ಅದಕ್ಕೆ ಜಗ್ಗದ ಟೈಫಾಯ್ಡ್ ಕಂಡಿತು, ಆ ಪ್ರತಿರೋಧ ದಾಟಿಸಬಲ್ಲದ್ದೆಂದು ಅಲ್ಲಿನ ವೈದ್ಯ ವಿಜ್ಞಾನಿಗಳು ಅದೇ ವರ್ಷ ಜಗತ್ತಿಗೆ ತಿಳಿಸಿದರು. ಅದೇ ವರ್ಷ ಮೆಕ್ಸಿಕೊದಲ್ಲೂ ಇಂಥದೇ ಟೈಫಾಯ್ಡ್ ಪಿಡುಗಾಗಿ ಎದ್ದಿತು.

ಈಗ ಪ್ಲಾಸ್ಮಿಡ್‌ನ ಅತಿ ಮುಖ್ಯ ಗುಣಕ್ಕೆ ಬರುತ್ತೇನೆ. ರಾಗಿ ಹೊಲದಲ್ಲಿ ನಮ್ಮವರು ಅಕ್ಕಡಿ ಸಾಲು ಹಾಕುತ್ತಾರೆ. ರಾಗಿಯ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು. ರಾಗಿಗೆಂದು ನೀರು ಹಾಯಿಸಿದರೂ ನೀರು ಕುಡಿಯುವುದು ಎಲ್ಲವೂ. ಪ್ರತಿರೋಧದ ಪ್ಲಾಸ್ಮಿಡ್ ಒಂದು ಅಕ್ಕಡಿ ಹೊಲ. ಅದರಲ್ಲಿ ಒಂದರ ಪಕ್ಕ ಒಂದರಂತೆ ಐದು, ಎಂಟು, ಹತ್ತು ಔಷಧಿಗಳ ವಿರುದ್ಧದ ಜೀನ್‌ಗಳು ಕೂತಿರುತ್ತವೆ. ಅದರಲ್ಲಿ ಒಂದು ಔಷಧಿಯನ್ನು ನುಂಗಿದರೆ ಸಾಕು. ಅದಕ್ಕೆ ಮಣಿಯುವ ಬ್ಯಾಕ್ಟೀರಿಯಾಗಳು ಸತ್ತು, ಪ್ಲಾಸ್ಮಿಡ್ ಇರುವವು ಉಳಿದು ಬೆಳೆಯುತ್ತವೆ. ಜೊತೆಗೆ ಮಿಕ್ಕ ಒಂಬತ್ತು ಜೀನ್‌ಗಳೂ ಬೆಳೆಯುತ್ತವೆ.

ದೊಡ್ಡವ್ವನಿಗೆ ಆಗಿರುವುದು ಇದೇ. ವರದಿಯಲ್ಲಿ "ಇಎಸ್‌ಬಿಎಲ್ ಪಾಸಿಟಿವ್" ಎಂದಿತ್ತು. ಅಂದರೆ ಆ ಇ. ಕೋಲಿಯ ಬಳಿ ಪೆನಿಸಿಲಿನ್‌ಗಳನ್ನಷ್ಟೇ ಅಲ್ಲ, ಅವುಗಳ ಮುಂದಿನ ಪೀಳಿಗೆಯ ಸೆಫಲೊಸ್ಪೊರಿನ್ ಚುಚ್ಚುಮದ್ದುಗಳನ್ನೂ ಕತ್ತರಿಸುವ ಕಿಣ್ವವಿದೆ. ನಮ್ಮ ದೇಶದಲ್ಲಿ ಇಂಥ ಕಿಣ್ವಗಳಲ್ಲಿ ಅತಿ ಸಾಮಾನ್ಯವಾದದ್ದು ಸಿಟಿಎಕ್ಸ್-ಎಮ್-15. ಈ ಕಿಣ್ವ ಕುಟುಂಬದ ಮೂಲ ಕ್ಲೈವೆರಾ ಎಂಬ, ಸಾಮಾನ್ಯವಾಗಿ ಯಾರ ಗೋಜಿಗೂ ಬಾರದ ಬ್ಯಾಕ್ಟೀರಿಯಾ. ಅಲ್ಲಿಂದ ಪ್ಲಾಸ್ಮಿಡ್ ಹತ್ತಿ ಇ. ಕೋಲಿಗೆ ಬಂದು ಈಗ ಜಗತ್ತನ್ನೇ ಸುತ್ತಿದೆ. ಆ ಕಿಣ್ವವನ್ನು ಹೊತ್ತ ಪ್ಲಾಸ್ಮಿಡ್‌ಗಳಲ್ಲಿ ಸಿಪ್ರೊಫ್ಲಾಕ್ಸಸಿನ್, ನಾರ್‌ಫ್ಲಾಕ್ಸಸಿನ್‌ಗಳನ್ನು ದುರ್ಬಲಗೊಳಿಸುವ ಜೀನೂ ಎಷ್ಟೋ ಸಲ ಪಕ್ಕದಲ್ಲೇ ಇರುತ್ತದೆ. ಹಾಗಿದ್ದಾಗ ಅವಳು ವರ್ಷಗಟ್ಟಲೆ ನುಂಗಿದ ನಾರ್‌ಫ್ಲಾಕ್ಸಸಿನ್ ಕಣ್ಣಲ್ಲೂ ಕಾಣದ ಚುಚ್ಚುಮದ್ದಿನ ಪ್ರತಿರೋಧಕ್ಕೂ ನೀರೆರೆಯಿತು. ರಾಗಿಗೆ ಹಾಯಿಸಿದ ನೀರು ಅವರೆಗೂ ತಾಗಿತು. ಉರಿಮೂತ್ರಕ್ಕೆ ನುಂಗಿದ ಮಾತ್ರೆ ಕರುಳನ್ನೂ ಹಾಯುತ್ತದೆ, ಅಲ್ಲಿ ಕೋಟಿ ಕೋಟಿ ಬ್ಯಾಕ್ಟೀರಿಯಾಗಳ ಸಂತೆಯೇ ನೆರೆದಿರುತ್ತದೆ. ಆಯ್ಕೆಯೂ ಅಲ್ಲೇ, ಕೊಡುಕೊಳ್ಳುವುದೂ ಅಲ್ಲೇ. ಮೂತ್ರದ ಸೋಂಕಿಗೆ ಕಾರಣವಾಗುವ ಇ. ಕೋಲಿ ಬರುವುದೂ ಬಹುತೇಕ ಅದೇ ಕರುಳಿನಿಂದ.

ಆ ಪ್ಲಾಸ್ಮಿಡ್ ಅವಳ ಕರುಳಿಗೆ ಬಂದದ್ದೆಲ್ಲಿಂದ? ಇಂಥ ಕಡೆಯಿಂದಲೇ ಎಂದು ಬೆರಳು ಮಾಡಿ ತೋರಿಸಲಾಗದು, ದಾರಿಗಳು ಅಷ್ಟಿವೆ. ಹಿಂದೊಮ್ಮೆ ಹತ್ತು ದಿನ ಮಲಗಿದ್ದ ಆಸ್ಪತ್ರೆಯ ಮಂಚ ಇರಬಹುದು, ಕುಡಿದ ನೀರು ಇರಬಹುದು. ಎನ್‌ಡಿಎಮ್-1 ಎಂಬ ಕಿಣ್ವ ಕಾರ್ಬಪೆನೆಮ್ ಎಂಬ ಕಡೆಗಾಲದ ಚುಚ್ಚುಮದ್ದನ್ನೂ ಕತ್ತರಿಸುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಜೀನ್ ದಿಲ್ಲಿಯ 50 ನಲ್ಲಿ ನೀರಿನ ಮಾದರಿಗಳಲ್ಲಿ 2ರಲ್ಲಿ, ರಸ್ತೆ ಬದಿ ನಿಂತ ಮತ್ತು ಒಸರಿದ ನೀರಿನ 171 ಮಾದರಿಗಳಲ್ಲಿ 51ರಲ್ಲಿ ಸಿಕ್ಕಿತು. ಆಸ್ಪತ್ರೆಯ ಒಳಗಿನದೆಂದು ಭಾವಿಸಿದ್ದ ಜೀನ್ ಬೀದಿಯಲ್ಲಿತ್ತು. ನನ್ನ ಮಟ್ಟಿಗೆ ಔಷಧಿಯಷ್ಟೇ ಮುಖ್ಯವಾದ ಮಾತು ಇದು. ಮಾತ್ರೆಯ ದುರ್ಬಳಕೆ ಪ್ರತಿರೋಧವನ್ನು ಬೆಳೆಸುತ್ತದೆ, ಆದರೆ ಊರೂರಿಗೆ ಹಂಚುವುದು ಚರಂಡಿ. ಕೊಳಕು ನೀರು ನಾಲೆಗೆ, ಕೆರೆಗೆ ಸೇರುವುದು ನಿಲ್ಲದೆ ಬರೀ ಚೀಟಿಯ ಶಿಸ್ತಿನಿಂದ ಇದು ಬಗೆಹರಿಯುವುದಿಲ್ಲ.

ಕೊಟ್ಟಿಗೆಯ ದಾರಿಯನ್ನೂ ನೋಡಬೇಕು. ಮಂಡ್ಯದಲ್ಲಿ ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕದ ಬೀದಿ ಸಿಗುವುದು ಕಷ್ಟ. ಹಸುವಿಗೆ ಕೆಚ್ಚಲು ಬಾವು ಬಂದರೆ ಮೊಲೆಯೊಳಗೇ ಆಂಟಿಬಯಾಟಿಕ್ ಏರಿಸುತ್ತಾರೆ. ಹಸುವಿಗೆ ಅದು ಬೇಕಾದದ್ದೇ. ಆಮೇಲೆ ಔಷಧಿಗೆ ತಕ್ಕಂತೆ ಕೆಲವು ದಿನ ಆ ಹಾಲನ್ನು ಬಳಸಬಾರದು. ಒಮ್ಮೆ ನಮ್ಮ ಮನೆಯಲ್ಲೇ ಹಾಲು ಚೆಲ್ಲಲು ಮನಸ್ಸು ಬಾರದೆ ಹೆಪ್ಪು ಹಾಕಿದರು. ರಾತ್ರಿ ಕಳೆದರೂ ಮೊಸರಾಗಲಿಲ್ಲ. ಹಾಲಿನಲ್ಲಿ ಉಳಿದ ಔಷಧಿ ಹೆಪ್ಪಿನ ಬ್ಯಾಕ್ಟೀರಿಯಾಗಳನ್ನೇ ಕೊಂದಿತ್ತು. ಹೆಪ್ಪಿಗೆ ಹಾಗೆ ಮಾಡಿದ್ದು ಕುಡಿದವರ ಕರುಳಿನಲ್ಲಿ ಸುಮ್ಮನಿರುವುದೇ? ಕೋಳಿ ಸಾಕಣೆಯಲ್ಲಂತೂ ರೋಗವಿಲ್ಲದಿದ್ದರೂ ಬೇಗ ತೂಕ ಬರಲೆಂದು ಮೇವಿಗೆ ಆಂಟಿಬಯಾಟಿಕ್ ಬೆರೆಸುವ ಅಭ್ಯಾಸ ಬಹುಕಾಲ ನಡೆಯಿತು. ಕೊಲಿಸ್ಟಿನ್ ಎಂಬ ಔಷಧಿಯನ್ನು ಬೇರೆಲ್ಲ ಸೋತಾಗ ಮನುಷ್ಯರಿಗೆ ಕೊಡುತ್ತಾರೆ. ಅದಕ್ಕೆ ಪ್ಲಾಸ್ಮಿಡ್ ಮೂಲಕ ದಾಟುವ ಪ್ರತಿರೋಧವಿದೆ ಎಂದು 2015ರಲ್ಲಿ ಚೀನಾದಿಂದ ಸುದ್ದಿ ಬಂತು, ಅದೂ ಹಂದಿ ಸಾಕಣೆಯ ಜಾಡಿನಲ್ಲಿ. ಆಹಾರಕ್ಕೆ ಸಾಕುವ ಪ್ರಾಣಿಗಳಲ್ಲಿ ಕೊಲಿಸ್ಟಿನ್ ಬಳಕೆಯನ್ನು ನಮ್ಮ ಸರ್ಕಾರ 2019ರ ಜುಲೈನಲ್ಲಿ ನಿಷೇಧಿಸಿತು. ಸರಿಯಾದ ಕೆಲಸ.

ಗದ್ದೆಯಲ್ಲೂ ಇದೆ. ಭತ್ತಕ್ಕೆ ದುಂಡಾಣು ಅಂಗಮಾರಿ ಬಂದಾಗ ಅಂಗಡಿಯಿಂದ ತಂದು ಸಿಂಪಡಿಸುವ ಸಣ್ಣ ಪೊಟ್ಟಣದಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಸಿಂಪಡಿಸುವ ಎಷ್ಟೋ ರೈತರಿಗೆ ಅದು ಮನುಷ್ಯರ ಮದ್ದು ಎಂಬುದೇ ಗೊತ್ತಿರುವುದಿಲ್ಲ. ಗೊತ್ತು ಮಾಡಿಸಿದವರಾದರೂ ಯಾರು? ಈ ಬಳಕೆಯನ್ನು ಕೊನೆಗಾಣಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು.

ಸ್ಟ್ರೆಪ್ಟೊಮೈಸಿನ್ ಅಂದಾಗ ಮೈಸೂರಿನವರಿಗೆ ನಮ್ಮೂರಿನ ಕ್ಷಯದ ಆಸ್ಪತ್ರೆ ಪಿಕೆಟಿಬಿ ಸ್ಯಾನಟೋರಿಯಂ ನೆನಪಾಗಬೇಕು. ಅದಕ್ಕೆ ಹೆಸರಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಅವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೇ ಬಲಿಯಾದವರು. ಅರಮನೆಯ ಬಳಿಯೂ ಆಗ ಮದ್ದಿರಲಿಲ್ಲ. ಗಾಳಿ, ಬೆಳಕು, ಹಾಲು, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ಸ್ಟ್ರೆಪ್ಟೊಮೈಸಿನ್ ಬಂದಾಗ ಬ್ರಿಟನ್‌ನಲ್ಲಿ 55 ರೋಗಿಗಳಿಗೆ ಅದನ್ನು ಕೊಟ್ಟು, 52 ರೋಗಿಗಳಿಗೆ ಬರೀ ವಿಶ್ರಾಂತಿ ಕೊಟ್ಟು ಹೋಲಿಸಿದರು. ಮೊದಲ ಆರು ತಿಂಗಳು ಮದ್ದು ತೆಗೆದುಕೊಂಡವರು ಚೇತರಿಸಿಕೊಂಡರು. ಐದು ವರ್ಷ ಕಳೆಯುವಷ್ಟರಲ್ಲಿ ಮದ್ದಿನ ಗುಂಪಿನಲ್ಲಿ 32 ಮಂದಿ, ಇನ್ನೊಂದು ಗುಂಪಿನಲ್ಲಿ 35 ಮಂದಿ ತೀರಿಕೊಂಡಿದ್ದರು. ನಡುವೆ ರೋಗಾಣು ಮದ್ದಿಗೆ ಮಣಿಯದಂತಾಗಿತ್ತು.

ಕ್ಷಯದ ಬ್ಯಾಕ್ಟೀರಿಯಾ ಪ್ಲಾಸ್ಮಿಡ್ ವ್ಯವಹಾರ ಮಾಡುವುದಿಲ್ಲ. ಅದರ ಪ್ರತಿರೋಧವೆಲ್ಲ ನಕಲಿನ ತಪ್ಪುಗಳದೇ. ಹಾಗಾಗಿ ಅದನ್ನು ಲೆಕ್ಕದಿಂದ ಕಟ್ಟಿಹಾಕಬಹುದು. ಕ್ಷಯದ ಮದ್ದುಗಳಲ್ಲಿ ಐಸೋನಿಯಾಜಿಡ್‌ಗೆ ಮಣಿಯದ ಬ್ಯಾಕ್ಟೀರಿಯಾ ಸುಮಾರು ಹತ್ತು ಲಕ್ಷಕ್ಕೆ ಒಂದು, ರಿಫಾಂಪಿಸಿನ್‌ಗೆ ಮಣಿಯದ್ದು ಸುಮಾರು ಹತ್ತು ಕೋಟಿಗೆ ಒಂದು. ಶ್ವಾಸಕೋಶದ ಒಂದು ಕುಳಿಯಲ್ಲಿ ಹತ್ತು ಕೋಟಿ ಬ್ಯಾಕ್ಟೀರಿಯಾ ಇದ್ದರೆ, ಒಂದೇ ಮದ್ದಿನಿಂದ ತಪ್ಪಿಸಿಕೊಳ್ಳುವುದು ಅದರಲ್ಲಿ ಸಿಗುವ ಸಂಭವವೇ ಹೆಚ್ಚು. ಎರಡರಿಂದಲೂ ಒಟ್ಟಿಗೆ ತಪ್ಪಿಸಿಕೊಳ್ಳಬಲ್ಲದ್ದು ಸಿಗಬೇಕಾದರೆ ಹತ್ತು ಲಕ್ಷವನ್ನು ಹತ್ತು ಕೋಟಿಯಿಂದ ಗುಣಿಸಿದಷ್ಟು ಬೇಕು. ಅಷ್ಟು ಬ್ಯಾಕ್ಟೀರಿಯಾ ಒಬ್ಬ ಮನುಷ್ಯನಲ್ಲಿ ಇರುವುದಿಲ್ಲ. ನಾಲ್ಕು ಮದ್ದನ್ನು ಒಟ್ಟಿಗೆ ಕೊಟ್ಟು ಆರು ತಿಂಗಳ ಚಿಕಿತ್ಸೆ ಶುರು ಮಾಡುವುದರ ಹಿಂದೆ ಈ ಲೆಕ್ಕವಿದೆ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಬಿಟ್ಟರೆ, ಒಂದು ಮದ್ದು ತೊಗೊಂಡು ಇನ್ನೊಂದನ್ನು ಮರೆತರೆ, ಈ ಲೆಕ್ಕವೇ ಮುರಿದುಬೀಳುತ್ತದೆ.

ಇಲ್ಲಿ ಒಂದು ಎಚ್ಚರ ಹೇಳಬೇಕು. "ಕೋರ್ಸ್ ಮುಗಿಸಿ" ಎಂಬ ಮಾತನ್ನು ಎಲ್ಲ ಸೋಂಕಿಗೂ ಕ್ಷಯದ ಹಾಗೇ ಅನ್ವಯಿಸುವುದು ಸರಿಯಲ್ಲ ಎಂದು ಇತ್ತೀಚಿನ ವರ್ಷಗಳಲ್ಲಿ ವೈದ್ಯಲೋಕವೇ ಒಪ್ಪುತ್ತಿದೆ. ಎಷ್ಟೋ ಮಾಮೂಲಿ ಸೋಂಕುಗಳಿಗೆ ಹಿಂದಿನದಕ್ಕಿಂತ ಕಡಿಮೆ ದಿನದ ಚಿಕಿತ್ಸೆ ಸಾಕಾಗುತ್ತದೆ. ಬೇಕಿಲ್ಲದ ಪ್ರತಿ ದಿನವೂ ಕರುಳಿನ ಸಂತೆಯಲ್ಲಿ ಪ್ರತಿರೋಧಕ್ಕೆ ನೀರೆರೆಯುತ್ತದೆ. ಎಷ್ಟು ದಿನ ಎಂಬುದನ್ನು ಡಾಕ್ಟರು ಹೇಳಬೇಕು, ನಾವು ಲೆಕ್ಕ ಹಾಕಬಾರದು. ನೆಗಡಿಗೆ, ವೈರಸ್ ಜ್ವರಕ್ಕೆ ಆಂಟಿಬಯಾಟಿಕ್ ಕೆಲಸವನ್ನೇ ಮಾಡುವುದಿಲ್ಲ, ಆದ್ದರಿಂದ ಅಲ್ಲಿ ನುಂಗುವ ಒಂದು ಮಾತ್ರೆಯೂ ಹೆಚ್ಚೇ. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿಯಿಲ್ಲದೆ ಕೊಡಬಾರದ ಮದ್ದು. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್1 ಪಟ್ಟಿಯ ಪ್ರಬಲ ಆಂಟಿಬಯಾಟಿಕ್‌ಗಳನ್ನು ಮಾರುವಾಗ ಅಂಗಡಿಯವರು ಡಾಕ್ಟರ ಹೆಸರು, ರೋಗಿಯ ಹೆಸರು ಬರೆದಿಡಲೇಬೇಕು. ಕಾನೂನಿದೆ. ದೊಡ್ಡವ್ವನ ಊರಿನಲ್ಲಿ ಆ ಪುಸ್ತಕವನ್ನು ಯಾರೂ ತೆರೆದದ್ದನ್ನು ನಾನು ನೋಡಿಲ್ಲ, ಅದು ನನಗೆ ನೋವಿನ ಸಂಗತಿ. ಜೊತೆಗೆ ಇದೂ ನಿಜ. ಒಂದು ದಿನದ ಕೂಲಿ ಬಿಟ್ಟು, ಬಸ್ಸು ಹತ್ತಿ, ಸಾಲಿನಲ್ಲಿ ನಿಲ್ಲಲಾಗದವರೇ ಮೆಡಿಕಲ್ ಸ್ಟೋರಿನ ಕಟ್ಟೆಗೆ ಬರುವುದು. ಅವರನ್ನು ಬೈದರೆ ಪ್ರತಿರೋಧ ಕಡಿಮೆಯಾಗದು.

2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಾಗಳ ಔಷಧ ಪ್ರತಿರೋಧವೇ ನೇರ ಕಾರಣ ಎಂಬ ಅಂದಾಜಿದೆ. ಆದರೂ ಹಿಂದಕ್ಕೆ ಬರುವ ದಾರಿ ಪೂರ್ತಿ ಮುಚ್ಚಿಲ್ಲ. ಪ್ರತಿರೋಧವನ್ನು ಹೊರುವುದು ಬ್ಯಾಕ್ಟೀರಿಯಾಗೂ ಎಷ್ಟೋ ಸಲ ಭಾರ. ಔಷಧಿ ಇಲ್ಲದ ಕಡೆ ಆ ಭಾರವಿಲ್ಲದವು ಮುಂದೆ ಹೋಗುತ್ತವೆ. ಕೋಯಿಕ್ಕೋಡಿನಲ್ಲಿ ಸೋತ ಕ್ಲೋರಾಂಫೆನಿಕಾಲ್ ಬಳಕೆಯನ್ನು ಡಾಕ್ಟರುಗಳು ಬಹುಮಟ್ಟಿಗೆ ಬಿಟ್ಟ ಮೇಲೆ, ವರ್ಷಗಳು ಕಳೆದಂತೆ ನಮ್ಮ ದೇಶದ ಬಹುತೇಕ ಟೈಫಾಯ್ಡ್ ತಳಿಗಳು ಮತ್ತೆ ಅದಕ್ಕೆ ಮಣಿಯತೊಡಗಿವೆ. ಇನ್ನೊಂದು ದಿಕ್ಕಿನಲ್ಲಿ, 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಹರಡಿದ ಟೈಫಾಯ್ಡ್ ಅದೇ ಸಿಟಿಎಕ್ಸ್-ಎಮ್-15 ಇರುವ ಪ್ಲಾಸ್ಮಿಡ್ ಪಡೆದು ಬಹುತೇಕ ಎಲ್ಲ ಮದ್ದುಗಳನ್ನೂ ಮೀರಿತು. 2019ರಲ್ಲಿ ಆ ದೇಶ ಮಕ್ಕಳಿಗೆ ಟೈಫಾಯ್ಡ್ ಲಸಿಕೆ ಶುರು ಮಾಡಿತು. ಸೋಂಕೇ ತಗುಲದಿದ್ದರೆ ಮಾತ್ರೆಯ ಪ್ರಶ್ನೆ ಬರುವುದಿಲ್ಲವಲ್ಲ. ಲಸಿಕೆ, ಶುದ್ಧ ನೀರು, ಆಸ್ಪತ್ರೆಯಲ್ಲಿ ಕೈ ತೊಳೆಯುವುದು, ಇವೆಲ್ಲ ಪ್ರತಿರೋಧದ ವಿರುದ್ಧದ ಕೆಲಸಗಳೇ.

ದೊಡ್ಡವ್ವನ ವರದಿಯಲ್ಲಿ ಎಸ್ ಇದ್ದ ನಾಲ್ಕರಲ್ಲಿ ಎರಡು ಮದ್ದು ಅವಳ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ ಎಂದು ಡಾಕ್ಟರು ಪಕ್ಕಕ್ಕಿಟ್ಟರು. ಮಿಕ್ಕ ಎರಡರಲ್ಲಿ ಒಂದನ್ನು ಆಸ್ಪತ್ರೆಯಲ್ಲೇ ಮಲಗಿಸಿಕೊಂಡು ಚುಚ್ಚುಮದ್ದಾಗಿ ಕೊಟ್ಟರು. ಗುಣವಾಯಿತು. ಸೋಂಕು ಹೋದರೂ ಆ ಇ. ಕೋಲಿಯ ಬಳಗ ಕರುಳಿನಲ್ಲಿ ತಿಂಗಳುಗಟ್ಟಲೆ ಉಳಿದಿರಬಹುದು. ಮುಂದಿನ ಸಲ ಜ್ವರ ಬಂದರೆ ಯಾವ ಡಾಕ್ಟರ ಬಳಿ ಹೋದರೂ ಈ ಕಾಗದವನ್ನು ಮೊದಲು ತೋರಿಸಬೇಕು ಎಂದು ಹೇಳಿದೆ. ಅವಳು ಅದನ್ನು ನಾಲ್ಕಾಗಿ ಮಡಚಿ, ರೇಷನ್ ಕಾರ್ಡ್ ಇಟ್ಟಿರುವ ಪ್ಲಾಸ್ಟಿಕ್ ಕವರಿಗೆ ಸೇರಿಸಿ, ಮಾಡದ ಗೂಡಿನಲ್ಲಿ ಇಟ್ಟಳು. ಬಿಸ್ಕತ್ತು ಡಬ್ಬಿಯಲ್ಲಿ ಕೂಡಿಟ್ಟಿದ್ದ ಅರೆಬರೆ ಸ್ಟ್ರಿಪ್ಪುಗಳನ್ನು ನನ್ನ ಮುಂದೆ ಸುರಿದು, "ಇದ್ರಲ್ಲಿ ಯಾವ್ಯಾವ್ದಕ್ಕೆ ಕೆಂಪು ಗೆರೆ ಅದೆ ನೋಡ್ ಮಗ" ಎಂದಳು. ಇಬ್ಬರೂ ಜಗಲಿಯಲ್ಲಿ ಕೂತು ಆರಿಸತೊಡಗಿದೆವು.